ಸಂಪಾದಕರ ಉತ್ತರ: ಪರವಾನಗಿಯ ಕೋವಿ, ವನ್ಯಜೀವಿಧಾಮದ ರಸ್ತೆ

ಮಾನ್ಯರೇ,

ನಿಮ್ಮ ಪತ್ರ ದೀರ್ಘವಾಗಿರುವುದರಿಂದ ಇತರ ಓದುಗರಿಗಾಗಿ ಅದರ ಸಾರವನ್ನಷ್ಟೇ ಮೊದಲು ಕೊಡುತ್ತೇನೆ. ಬೆಳೆ ರಕ್ಷಣೆಗೆಂದು ನಿಮ್ಮ ಹೆಸರಿನಲ್ಲಿ ಪರವಾನಗಿ ಇರುವ 12 ಬೋರಿನ (ಬೋರೆಂದರೆ ನಳಿಗೆಯ ಒಳ ಅಳತೆ) ಒಂಟಿ ನಳಿಗೆಯ ತೋಟೆ ಕೋವಿಯನ್ನು ಪಟ್ಟಣದಲ್ಲಿ ದುರಸ್ತಿ ಮಾಡಿಸಿಕೊಂಡು ರಾತ್ರಿ ಜೀಪಿನಲ್ಲಿ ಮನೆಗೆ ಮರಳುತ್ತಿದ್ದಾಗ, ವನ್ಯಜೀವಿಧಾಮದ ನಡುವೆ ಹಾದುಹೋಗುವ ಸಾರ್ವಜನಿಕ ರಸ್ತೆಯಲ್ಲಿ ಅರಣ್ಯ ಸಿಬ್ಬಂದಿ ನಿಮ್ಮನ್ನು ತಡೆದರು. ಕೋವಿ ಚೀಲದೊಳಗಿತ್ತು, ನಳಿಗೆಯಲ್ಲಿ ಈಡಿರಲಿಲ್ಲ, ಐದು ತೋಟೆಗಳು ಬೇರೆ ಪೆಟ್ಟಿಗೆಯಲ್ಲಿದ್ದವು. ಇವುಗಳ ಜೊತೆಗೆ, ದಿವಂಗತ ತಂದೆಯವರು ಬಳಸುತ್ತಿದ್ದ, ಈಗ ಮನೆಯಲ್ಲಿಲ್ಲದ 16 ಬೋರಿನ ಕೋವಿಯ ಎರಡು ಹಳೆಯ ತೋಟೆಗಳು ಜೀಪಿನ ಸೀಟಿನಡಿಯ ಉಪಕರಣಗಳ ಚೀಲದಲ್ಲಿ ಸಿಕ್ಕವು. ಕೋವಿ, ತೋಟೆ, ಕಾಡು, ರಾತ್ರಿ ಇವೆಲ್ಲ ಒಟ್ಟಿಗಿದ್ದರೆ ಅದು ಬೇಟೆಯೇ ಎಂದು ಹೇಳಿ ಸಿಬ್ಬಂದಿ ಎಲ್ಲವನ್ನೂ ವಶಪಡಿಸಿಕೊಂಡರು. ಸರ್ಕಾರವೇ ಕೊಟ್ಟ ಪರವಾನಗಿ ಕೈಯಲ್ಲಿರುವಾಗ ಅರಣ್ಯ ಇಲಾಖೆಗೆ ಕೇಳುವ ಅಧಿಕಾರವೆಲ್ಲಿದೆ, ಕೋವಿಯನ್ನು ಹೊಂದಿದ್ದ ಮಾತ್ರಕ್ಕೆ ಬೇಟೆಯಾಗುತ್ತದೆಯೇ, ಪರವಾನಗಿಯಿಂದಲೇ ವಿನಾಯಿತಿ ಪಡೆದಿರುವ ಕೊಡಗಿನ ನಿಮ್ಮ ಸ್ನೇಹಿತರಿಗೆ ಇಂಥ ರಸ್ತೆಯಲ್ಲಿ ಯಾವ ಅಡ್ಡಿಯೂ ಇಲ್ಲವೆಂಬುದು ನಿಜವೇ ಎಂದು ನೀವು ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ: ನೀವು ಬರೆದಿರುವುದಷ್ಟೇ ಸಾಕ್ಷ್ಯವಾಗಿದ್ದರೆ ಬೇಟೆಯ ಆರೋಪ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆದರೆ ನಿಮ್ಮಿಂದ ಯಾವ ತಪ್ಪೂ ಆಗಿಲ್ಲವೆಂದು ನೀವು ನಂಬಿರುವುದನ್ನೂ ನಾನು ಒಪ್ಪಲಾರೆ. ಇಲ್ಲಿ ಎರಡು ಕಾಯ್ದೆಗಳು ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಕೇಳುತ್ತವೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಈ ಆಯುಧವನ್ನು ನೀವು ಇಟ್ಟುಕೊಳ್ಳಬಹುದೇ ಎಂದು ಕೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ನೀವು ಎಲ್ಲಿಗೆ ಒಯ್ದಿರಿ, ಅದರಿಂದ ಏನು ಮಾಡಿದಿರಿ ಎಂದು ಕೇಳುತ್ತದೆ. ಮೊದಲ ಪ್ರಶ್ನೆಗೆ ನಿಮ್ಮಲ್ಲಿರುವ ಉತ್ತರವನ್ನೇ ಎರಡನೆಯದಕ್ಕೂ ಕೊಡಲು ನೀವು ಹೊರಟಿದ್ದೀರಿ. ಎರಡನೆಯ ಪ್ರಶ್ನೆ ಹುಟ್ಟಿಸಿದ ಅನುಮಾನವನ್ನೇ ಅಪರಾಧದ ರುಜುವಾತೆಂದು ಸಿಬ್ಬಂದಿ ಹಿಡಿದಿದ್ದಾರೆ. ನನ್ನ ದೃಷ್ಟಿಯಲ್ಲಿ ಎರಡೂ ತಪ್ಪು ಓದುಗಳೇ.

ಬೇಟೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ವನ್ಯಜೀವಿ ಕಾಯ್ದೆಯ 2ನೆಯ ಕಲಮಿನಲ್ಲಿರುವ ಬೇಟೆಯ ವ್ಯಾಖ್ಯೆ ಬಹಳ ವಿಶಾಲವಾದುದು. ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಹಿಡಿಯುವುದು, ಅಟ್ಟುವುದು, ಉರುಳು ಹಾಕುವುದು, ಬಲೆಗೆ ಬೀಳಿಸುವುದು, ಸೋವುವುದು (ಅಬ್ಬರಿಸಿ ಓಡಿಸುವುದು), ಆಮಿಷವೊಡ್ಡುವುದು, ಗಾಯಗೊಳಿಸುವುದು, ಅದರ ದೇಹದ ಭಾಗವನ್ನು ತೆಗೆಯುವುದು, ಹಕ್ಕಿ ಅಥವಾ ಸರೀಸೃಪದ ಮೊಟ್ಟೆಗೂ ಗೂಡಿಗೂ ಹಾನಿ ಮಾಡುವುದು, ಇಂಥ ಕೃತ್ಯಗಳಿಗೆ ಪ್ರಯತ್ನಿಸುವುದು ಸಹ ಬೇಟೆಯೇ. ಇಷ್ಟೆಲ್ಲವನ್ನು ಎಣಿಸಿ ಹೇಳಿದ ಶಾಸನಸಭೆ ಆಯುಧವನ್ನು ಹೊಂದಿರುವುದನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಹೊಂದಿರುವುದನ್ನೇ ಅಪರಾಧವೆಂದು ಊಹಿಸಬೇಕಾದ ಕಡೆ ಅದೇ ಕಾಯ್ದೆ ಹಾಗೆಂದು ಸ್ಪಷ್ಟವಾಗಿಯೇ ಹೇಳಿದೆ: ಮಾಂಸವಾಗಲಿ, ಚರ್ಮ ಕೊಂಬುಗಳಂಥ ಅವಶೇಷವಾಗಲಿ ಒಬ್ಬನ ವಶದಲ್ಲಿ ಇತ್ತೆಂದು ಸಾಬೀತಾದರೆ, ಅದು ಅಕ್ರಮವಲ್ಲವೆಂದು ತೋರಿಸಿಕೊಡುವ ಹೊಣೆಯನ್ನು 57ನೆಯ ಕಲಂ ಆರೋಪಿಯ ಮೇಲೆಯೇ ಹೊರಿಸುತ್ತದೆ. ಆ ಕಲಮಿನಲ್ಲಿ ಕೋವಿಯ ಹೆಸರಿಲ್ಲ, ತೋಟೆಯ ಹೆಸರಿಲ್ಲ. ನಿಮ್ಮ ಜೀಪಿನಲ್ಲಿ ಒಂದು ತುಂಡು ಕಡವೆಯ ಮಾಂಸ ಸಿಕ್ಕಿದ್ದರೆ ವಿವರಣೆ ಕೊಡಬೇಕಾದವರು ನೀವಾಗುತ್ತಿದ್ದಿರಿ; ಕೋವಿ ಮಾತ್ರ ಸಿಕ್ಕಿರುವಾಗ ಬೇಟೆಯನ್ನು ರುಜುವಾತುಪಡಿಸಬೇಕಾದವರು ಅವರು.

ಹಾಗಾದರೆ ಇದು ಬೇಟೆಯ ಪ್ರಯತ್ನವಾಗುತ್ತದೆಯೇ? ತಯಾರಿಗೂ ಪ್ರಯತ್ನಕ್ಕೂ ನಡುವಿನ ಗೆರೆ ನಮ್ಮ ನ್ಯಾಯಶಾಸ್ತ್ರದಲ್ಲಿ ಹಳೆಯ ಚರ್ಚೆ. ಪಂಜಾಬಿನಿಂದ ದೆಹಲಿಯತ್ತ ಅನುಮತಿಯಿಲ್ಲದೆ ಭತ್ತ ಸಾಗಿಸುತ್ತಿದ್ದ ಲಾರಿಯೊಂದನ್ನು ಸಮಾಲ್ಖಾ ಎಂಬಲ್ಲಿ, ಗಡಿ ದಾಟುವ ಮೊದಲೇ ಹಿಡಿದ ಪ್ರಕರಣದಲ್ಲಿ, ಚಾಲಕ ಅಲ್ಲಿಂದಲೂ ಮನಸ್ಸು ಬದಲಿಸಿ ಹಿಂದಿರುಗಬಹುದಿತ್ತು, ಆದ್ದರಿಂದ ಅದು ತಯಾರಿಯೇ ಹೊರತು ಪ್ರಯತ್ನವಲ್ಲ ಎಂದು ಸುಪ್ರೀಂ ಕೋರ್ಟು 1968ರಲ್ಲಿ ತೀರ್ಮಾನಿಸಿತು. ಅದೇ ನ್ಯಾಯಾಲಯ 1980ರಲ್ಲಿ, ಮಹಾರಾಷ್ಟ್ರದ ಕರಾವಳಿಯ ಅಳಿವೆಯೊಂದರ ದಡದಲ್ಲಿ ಬೆಳ್ಳಿಯ ಗಟ್ಟಿಗಳನ್ನು ವಾಹನದಿಂದ ಇಳಿಸುತ್ತಿದ್ದವರ ಮೊಕದ್ದಮೆಯಲ್ಲಿ, ಕೃತ್ಯ ಉದ್ದೇಶಕ್ಕೆ ಅಷ್ಟು ಸಮೀಪಿಸಿರುವಾಗ ಅದನ್ನು ಕಳ್ಳಸಾಗಣೆಯ ಪ್ರಯತ್ನವೆಂದೇ ಎಣಿಸಬೇಕೆಂದಿತು. ಈ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದರೆ ನಮ್ಮ ವಿಷಯಕ್ಕೂ ದಾರಿ ಕಾಣುತ್ತದೆ. ಈಡು ತುಂಬಿದ ಕೋವಿ, ಹಣೆಗೆ ಕಟ್ಟಿದ ಬ್ಯಾಟರಿ, ಪ್ರಾಣಿಯ ಕಣ್ಣಿಗೆ ಬಿಟ್ಟ ಪ್ರಖರ ಬೆಳಕು, ರಸ್ತೆ ಬಿಟ್ಟು ಕಾಡಿನೊಳಕ್ಕೆ ಇಳಿದ ಹೆಜ್ಜೆ, ಮೊದಲೇ ಹಾಕಿಟ್ಟ ಉರುಳು, ಇಂಥವು ಸೇರಿದರೆ ಗುಂಡು ಹಾರುವ ಮೊದಲೇ ಪ್ರಯತ್ನ ಪೂರ್ಣವಾಗಿರಬಹುದು. ಚೀಲದಲ್ಲಿ ಕಟ್ಟಿಟ್ಟ ಖಾಲಿ ಕೋವಿ, ದುರಸ್ತಿ ಅಂಗಡಿಯ ಅದೇ ದಿನದ ರಸೀತಿ, ಊರಿನತ್ತ ಮುಖ ಮಾಡಿದ ವಾಹನ ಇವು ತಯಾರಿಯ ಮಟ್ಟಕ್ಕೂ ಏರುವುದಿಲ್ಲ. ರಾತ್ರಿಯೆಂಬುದು ಅನುಮಾನಕ್ಕೆ ಕಾರಣವಾಗಬಹುದು. ತಡೆದು ಪರಿಶೀಲಿಸುವುದನ್ನು ಅದು ಸಮರ್ಥಿಸುತ್ತದೆ, ಶಿಕ್ಷೆಯನ್ನಲ್ಲ.

ಇಷ್ಟರವರೆಗೆ ನಾನು ನಿಮ್ಮ ಪಕ್ಷದಲ್ಲಿದ್ದೇನೆ. ಆದರೆ ನಿಮ್ಮ ಪತ್ರದಲ್ಲಿ ಎಲ್ಲೂ ಪ್ರಸ್ತಾಪವಾಗದ, ಬಹುಶಃ ಸಿಬ್ಬಂದಿಯೂ ನಿಮಗೆ ಸರಿಯಾಗಿ ವಿವರಿಸದ ಒಂದು ಕಲಮಿದೆ. ವನ್ಯಜೀವಿ ಕಾಯ್ದೆಯ 31ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಪೂರ್ವಾನುಮತಿ ಇಲ್ಲದೆ ಯಾರೂ ಯಾವುದೇ ಆಯುಧದೊಂದಿಗೆ ವನ್ಯಜೀವಿಧಾಮವನ್ನು ಪ್ರವೇಶಿಸುವಂತಿಲ್ಲ. ಇಲ್ಲಿ ಬೇಟೆಯ ಉದ್ದೇಶವಿತ್ತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಆಯುಧವೂ ಪ್ರವೇಶವೂ ಇದ್ದು ಅನುಮತಿ ಇಲ್ಲದಿದ್ದರೆ ಸಾಕು. ರಾಷ್ಟ್ರೀಯ ಉದ್ಯಾನಗಳಿಗೂ ಈ ನಿಯಮವನ್ನು 35ನೆಯ ಕಲಂ ವಿಸ್ತರಿಸುತ್ತದೆ.

ನಾನಿದ್ದದ್ದು ಸಾರ್ವಜನಿಕ ರಸ್ತೆಯಲ್ಲಿ ಎಂದು ನೀವು ಹೇಳುವಿರಿ. ಇದು ಗಂಭೀರವಾದ ವಾದ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಅನೇಕರು ಎಡವುವುದೂ ಇಲ್ಲಿಯೇ. 27ನೆಯ ಕಲಂ ವನ್ಯಜೀವಿಧಾಮದೊಳಗೆ ಯಾರು ಅನುಮತಿಯಿಲ್ಲದೆ ಹೋಗಬಹುದೆಂದು ಪಟ್ಟಿ ಮಾಡುವಾಗ, ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು ಮುಂತಾದವರ ಜೊತೆಗೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರನ್ನೂ ಹೆಸರಿಸಿದೆ. ಆ ವಿನಾಯಿತಿ ಪ್ರವೇಶಕ್ಕೆ ಸಂಬಂಧಿಸಿದ್ದು. ನಾಲ್ಕು ಕಲಮುಗಳ ಅನಂತರ ಬರುವ 31ರಲ್ಲಿ ಅಂಥ ಪಟ್ಟಿಯೇ ಇಲ್ಲ. ಒಂದೇ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ಅಂತರದಲ್ಲಿ, ಒಂದು ಕಡೆ ಹೆದ್ದಾರಿಯ ಪ್ರಯಾಣಿಕರನ್ನು ಹೊರತುಪಡಿಸಿ ಇನ್ನೊಂದು ಕಡೆ ಹೊರತುಪಡಿಸದಿದ್ದರೆ, ಅದನ್ನು ಮರೆವೆಂದು ಭಾವಿಸದೆ ಉದ್ದೇಶವೆಂದೇ ಓದುವುದು ವ್ಯಾಖ್ಯಾನದ ಸಾಮಾನ್ಯ ಕ್ರಮ. ಅದಕ್ಕೆ ಕಾರಣವೂ ಊಹೆಗೆ ನಿಲುಕುತ್ತದೆ: ಕಾಡುಪ್ರಾಣಿಗಳನ್ನು ವಾಹನದಿಂದಲೇ ಹೊಡೆಯುವವರಿಗೆ ರಸ್ತೆಗಿಂತ ಅನುಕೂಲವಾದ ಜಾಗ ಬೇರೆ ಇಲ್ಲ.

ಈ ಓದು ಪ್ರಾಮಾಣಿಕರ ಮೇಲೆ ಭಾರ ಹಾಕುತ್ತದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಪಟ್ಟಣಕ್ಕೆ ಇರುವುದು ಆ ಒಂದೇ ರಸ್ತೆಯಾದರೆ, ಕೋವಿಯ ದುರಸ್ತಿಗೆ, ಪರವಾನಗಿಯ ನವೀಕರಣಕ್ಕೆ, ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸುವುದಕ್ಕೆ ಸಹ ರೈತನೊಬ್ಬ ಪ್ರತಿ ಸಲ ಅರಣ್ಯ ಕಚೇರಿಯ ಬಾಗಿಲು ಕಾಯಬೇಕೇ ಎಂದು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಒಂದು ಕಾಯ್ದೆ ಕೋವಿಯನ್ನು ಕಚೇರಿಗೆ ತಂದು ತೋರಿಸು ಎನ್ನುವಾಗ ಇನ್ನೊಂದು ದಾರಿಯನ್ನು ಮುಚ್ಚಬಾರದು. ಹಾಗಾಗಿ ವನ್ಯಜೀವಿಧಾಮದ ಒಳಗೂ ಅಂಚಿನಲ್ಲೂ ಇರುವ ಪರವಾನಗಿದಾರರಿಗೆ, ಈಡು ತೆಗೆದು ಚೀಲದಲ್ಲಿಟ್ಟ ಕೋವಿಯನ್ನು ಗೊತ್ತಾದ ರಸ್ತೆಯಲ್ಲಿ ಹಗಲು ಹೊತ್ತು ಒಯ್ಯಲು ವರ್ಷಕ್ಕೊಮ್ಮೆ ಲಿಖಿತ ಅನುಮತಿ ಕೊಡುವ ಪದ್ಧತಿಯನ್ನು ಇಲಾಖೆ ರೂಢಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯ್ದೆಯಲ್ಲಿ ಅದಕ್ಕೆ ಅಡ್ಡಿ ಏನೂ ಇಲ್ಲ. ಆದರೆ ಅನುಮತಿ ಪಡೆಯುವುದು ಕಷ್ಟವೆಂಬ ಕಾರಣಕ್ಕೆ ಅದರ ಅಗತ್ಯವೇ ಇಲ್ಲವೆಂದು ಓದಲಾಗದು.

31ನೆಯ ಕಲಂ ಎಲ್ಲ ಕಾಡಿಗೂ ಅನ್ವಯಿಸುತ್ತದೆಯೆಂಬ ಭಾವನೆ ಸಿಬ್ಬಂದಿಯಲ್ಲೂ ಉಂಟು, ಜನರಲ್ಲೂ ಉಂಟು. ಅದು ವನ್ಯಜೀವಿಧಾಮಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ಸೀಮಿತವಾದುದು. ಸಾಮಾನ್ಯ ಮೀಸಲು ಅರಣ್ಯಕ್ಕೆ ಅರಣ್ಯ ಕಾಯ್ದೆಯ ನಿಯಮಗಳು ಬೇರೆಯೇ ಇವೆ. ವನ್ಯಜೀವಿ ಕಾಯ್ದೆಯಡಿಯಲ್ಲೇ ಘೋಷಿತವಾಗುವ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಯಾವ ಯಾವ ಕಲಮುಗಳು ಅನ್ವಯಿಸುತ್ತವೆಂದು 36ಎ ಕಲಂ ಎಣಿಸಿ ಹೇಳುವಾಗ 30ನ್ನೂ 32ನ್ನೂ ಹೆಸರಿಸಿ ನಡುವಿನ 31ನ್ನು ಬಿಟ್ಟಿದೆ. ಆದ್ದರಿಂದ ನಿಮ್ಮನ್ನು ತಡೆದ ಜಾಗದ ಕಾನೂನು ಸ್ಥಿತಿ ಏನೆಂಬುದು ಈ ಪ್ರಕರಣದ ತಿರುಳು. ವನ್ಯಜೀವಿಧಾಮದ ಅಧಿಸೂಚನೆಯ ಪ್ರತಿಯನ್ನು ತರಿಸಿಕೊಂಡು, ಗಡಿಯ ವಿವರಣೆಯಲ್ಲಿ ಆ ರಸ್ತೆ ಒಳಗೆ ಸೇರಿದೆಯೇ ಅಥವಾ ಅದನ್ನು ಹೊರಗಿರಿಸಲಾಗಿದೆಯೇ ಎಂದು ನಿಮ್ಮ ವಕೀಲರು ಮೊದಲು ನೋಡಲಿ. ರಸ್ತೆ ಹೊರಗಿದ್ದರೆ 31ರ ಆರೋಪವೂ ಬೀಳುತ್ತದೆ.

ಆಯುಧವೆಂದರೆ ಏನು ಎಂಬುದಕ್ಕೂ ಒಂದು ಮಾತು ಸೇರಿಸಬೇಕು, ಏಕೆಂದರೆ ಈ ಪತ್ರಿಕೆಗೆ ಏರ್‌ಗನ್‌ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ತುದಿಯಲ್ಲಿನ ಶಕ್ತಿ 20 ಜೂಲ್‌ ಮೀರದ, ಬೋರು 0.177 ಇಂಚು ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ. ವನ್ಯಜೀವಿ ಕಾಯ್ದೆಯ ವ್ಯಾಖ್ಯೆಯಲ್ಲಾದರೋ ಮದ್ದುಗುಂಡು, ಬಿಲ್ಲುಬಾಣ, ಸ್ಫೋಟಕ, ಬಂದೂಕು, ಕೊಕ್ಕೆ, ಚಾಕು, ಬಲೆ, ವಿಷ, ಉರುಳುಗಳಷ್ಟೇ ಅಲ್ಲದೆ ಪ್ರಾಣಿಯನ್ನು ಗಾಯಗೊಳಿಸಬಲ್ಲ ಯಾವುದೇ ಸಾಧನವೂ ಆಯುಧವೇ. ಮದ್ದುಗುಂಡು ಅಲ್ಲಿ ಪ್ರತ್ಯೇಕವಾಗಿ ಹೆಸರಾಗಿರುವುದನ್ನು ಗಮನಿಸಿ: ಕೋವಿಯನ್ನು ಮನೆಯಲ್ಲಿ ಬಿಟ್ಟು ತೋಟೆಗಳನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ಉದ್ಯಾನದ ಗೇಟು ದಾಟಿದವರೂ ಆಯುಧದೊಂದಿಗೇ ಪ್ರವೇಶಿಸಿದಂತೆ.

ಇನ್ನು ಆ ಎರಡು ಹಳೆಯ ತೋಟೆಗಳು. ಐದು ತೋಟೆಗಳ ವಿಷಯದಲ್ಲಿ ಆತಂಕ ಬೇಡ. ಅವು ನಿಮ್ಮ ಪರವಾನಗಿಯಲ್ಲಿ ನಮೂದಾಗಿರುವ ಬೋರಿನವು, ನಮೂದಾಗಿರುವ ಸಂಖ್ಯೆಯ ಮಿತಿಯೊಳಗಿನವು. 16 ಬೋರಿನವುಗಳ ಸಂಗತಿ ಬೇರೆ. ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಂ ಕೋವಿಗೂ ಮದ್ದುಗುಂಡಿಗೂ ಸಮಾನವಾಗಿ ಪರವಾನಗಿ ಬೇಕೆನ್ನುತ್ತದೆ, ಮತ್ತು ನಿಮ್ಮ ಪರವಾನಗಿ ಆ ಬೋರಿಗೆ ಅನ್ವಯಿಸುವುದಿಲ್ಲ. 2019ರ ತಿದ್ದುಪಡಿಯ ಅನಂತರ ಪರವಾನಗಿಯಿಲ್ಲದ ಸ್ವಾಧೀನಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ ಹಾಗೂ ದಂಡವಿದೆ. ಪರವಾನಗಿಯ ಷರತ್ತನ್ನು ಮುರಿದದ್ದಕ್ಕೆ 30ನೆಯ ಕಲಂ ವಿಧಿಸುವ ಆರು ತಿಂಗಳವರೆಗಿನ ಸೆರೆವಾಸ ಅಥವಾ 2000 ರೂಪಾಯಿವರೆಗಿನ ದಂಡದೊಡನೆ ಇದನ್ನು ಹೋಲಿಸಿ ನೋಡಿದರೆ, ಒಂದೇ ತೋಟೆಯನ್ನು ಯಾವ ಕಲಮಿನಡಿ ಓದುತ್ತಾರೆ ಎಂಬುದರ ಮೇಲೆ ಮನುಷ್ಯನೊಬ್ಬನ ಬದುಕು ಎಷ್ಟು ಬದಲಾಗುತ್ತದೆಂಬುದು ತಿಳಿಯುತ್ತದೆ. ಪರವಾನಗಿಯಲ್ಲಿರುವ ಬೋರಿನ ತೋಟೆಗಳೇ ಮಿತಿಗಿಂತ ನಾಲ್ಕಾರು ಹೆಚ್ಚಿದ್ದರೆ ಅದನ್ನು ಷರತ್ತಿನ ಉಲ್ಲಂಘನೆಯೆಂದು ಓದುವುದೇ ಸೂಕ್ತವೆಂದು ನಾನು ಭಾವಿಸುತ್ತೇನೆ. ಬೋರೇ ಬೇರೆಯಾದಾಗ ಆ ವಾದಕ್ಕೆ ಬಲ ಸಾಲದು.

ಆದರೂ ಇಲ್ಲಿ ನಿಮಗೊಂದು ಗಟ್ಟಿಯಾದ ನೆಲೆಯಿದೆ. ಗುಣವಂತಲಾಲ್‌ ವಿರುದ್ಧ ಮಧ್ಯಪ್ರದೇಶ ರಾಜ್ಯ ಎಂಬ 1972ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಶಸ್ತ್ರಾಸ್ತ್ರ ಕಾಯ್ದೆಯ ಸ್ವಾಧೀನದಲ್ಲಿ ಅರಿವಿನ ಅಂಶ ಇರಲೇಬೇಕು, ವಸ್ತು ಕೈಯಲ್ಲಿ ಇಲ್ಲದ ಕಡೆ ಅದರ ಮೇಲೆ ಹತೋಟಿಯಾದರೂ ಇರಬೇಕು ಎಂದು ವಿವರಿಸಿತು. 1994ರಲ್ಲಿ ಸಂವಿಧಾನ ಪೀಠವೂ ಮುಂಬಯಿ ಸ್ಫೋಟಕ್ಕೆ ಸಂಬಂಧಿಸಿದ ಸಂಜಯ್‌ ದತ್‌ ಪ್ರಕರಣದಲ್ಲಿ, ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆಯ ಸ್ವಾಧೀನವನ್ನು ಪ್ರಜ್ಞಾಪೂರ್ವಕ ಸ್ವಾಧೀನವೆಂದೇ ಅರ್ಥೈಸಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪ್ರಯಾಣಿಕರ ಚೀಲದ ಮೂಲೆಯಿಂದ ಮರೆತುಹೋದ ಒಂದೆರಡು ತೋಟೆಗಳು ಹೊರಬಿದ್ದಾಗ ಹಲವು ಮೊಕದ್ದಮೆಗಳನ್ನು ಹೈಕೋರ್ಟುಗಳು ರದ್ದುಪಡಿಸಿರುವುದು ಈ ತತ್ತ್ವದ ಮೇಲೆಯೇ. ತೋಟೆ ಜೊತೆಗಿದೆಯೆಂದು ತಿಳಿಯದವನಿಗೆ ಅದನ್ನು ಹೊಂದಿರುವ ಮನಸ್ಸಿರಲು ಸಾಧ್ಯವಿಲ್ಲ. ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣಪುಟ್ಟ ಬಿಡಿಭಾಗಗಳಿಗೆ ವಿನಾಯಿತಿ ಕೊಡುವ 45ನೆಯ ಕಲಮಿನ ಉಪಕಲಮನ್ನೂ ಇಂಥ ಕೆಲವು ಪ್ರಕರಣಗಳಲ್ಲಿ ಆಶ್ರಯಿಸಲಾಗಿದೆ. ಆದರೆ ಪೂರ್ಣ ತೋಟೆಯೊಂದನ್ನು ಬಿಡಿಭಾಗವೆನ್ನುವ ವಾದಕ್ಕಿಂತ ಅರಿವಿಲ್ಲದ ಸ್ವಾಧೀನವೆಂಬ ವಾದವೇ ಹೆಚ್ಚು ನೇರವೆಂದು ನನಗೆ ತೋರುತ್ತದೆ. ತಂದೆಯವರ ಕೋವಿಯನ್ನು ಒಪ್ಪಿಸಿದ್ದಕ್ಕೆ ದಾಖಲೆ ಇದ್ದರೆ, ಆ ಬೋರಿನ ಕೋವಿ ಮನೆಯಲ್ಲಿಲ್ಲವೆಂಬ ಸಂಗತಿ ನಿಮ್ಮ ಮಾತನ್ನು ಬಲಪಡಿಸುತ್ತದೆ. ಒಂದು ಎಚ್ಚರಿಕೆ ಮಾತ್ರ: ಆ ತೋಟೆಗಳು ಅಲ್ಲಿದ್ದವೆಂದು ನಿಮಗೆ ಮೊದಲೇ ತಿಳಿದಿತ್ತಾದರೆ ಈ ವಾದವನ್ನು ಹೂಡಬೇಡಿ. ಸುಳ್ಳು ಹೇಳಿ ಗೆಲ್ಲಲು ಯಾರಿಗೂ ಈ ಪತ್ರಿಕೆ ದಾರಿ ತೋರಿಸುವುದಿಲ್ಲ.

ಕೊಡಗಿನ ಸ್ನೇಹಿತರ ವಿಷಯಕ್ಕೆ ಬರೋಣ. ಕೊಡವ ಜನಾಂಗದವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿ ಉಳ್ಳವರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ 2029ರ ಅಕ್ಟೋಬರಿನವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರಲ್ಲಿ ವಜಾ ಮಾಡಿತು. ಕೈಲ್‌ಪೊಳ್ದ್‌ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವ ಸಮಾಜಕ್ಕೆ ಅದು ಗೌರವದ ಹಕ್ಕು, ಮತ್ತು ಅದನ್ನು ನಾನು ಮನಃಪೂರ್ವಕವಾಗಿ ಗೌರವಿಸುತ್ತೇನೆ. ಆದರೆ ಆ ವಿನಾಯಿತಿ ಹುಟ್ಟಿರುವುದು ಶಸ್ತ್ರಾಸ್ತ್ರ ಕಾಯ್ದೆಯ 41ನೆಯ ಕಲಮಿನಿಂದ. ಅದು ಸಡಿಲಿಸಬಲ್ಲದ್ದು ಶಸ್ತ್ರಾಸ್ತ್ರ ಕಾಯ್ದೆಯ ನಿಬಂಧನೆಗಳನ್ನು ಮಾತ್ರ. ಹುಣಸೂರಿನಿಂದ ನಾಗರಹೊಳೆಯ ಕಾಡಿನ ಮೂಲಕ ಕುಟ್ಟಕ್ಕೆ ಹೋಗುವಾಗ ಕೋವಿ ಜೊತೆಗಿದ್ದರೆ, ಪರವಾನಗಿ ತೋರಿಸಿ ಎಂದು ಅವರನ್ನು ಕೇಳಲಾಗದು, ಆದರೆ 31ನೆಯ ಕಲಮಿನ ಅನುಮತಿಯನ್ನು ತೋರಿಸಿ ಎಂದು ಖಂಡಿತ ಕೇಳಬಹುದು. ನಿಮಗೂ ಅವರಿಗೂ ಆ ರಸ್ತೆಯಲ್ಲಿ ವ್ಯತ್ಯಾಸವಿಲ್ಲ.

ಬೆಳೆ ರಕ್ಷಣೆಯ ಪರವಾನಗಿಯ ಬಗ್ಗೆಯೂ ನಿಮ್ಮ ಪತ್ರದಲ್ಲಿ ಒಂದು ತಪ್ಪು ತಿಳಿವಳಿಕೆ ಇಣುಕುತ್ತದೆ: ಹಂದಿ ತೋಟಕ್ಕೆ ಬಂದರೆ ಹೊಡೆಯಲೆಂದೇ ಸರ್ಕಾರ ಕೋವಿ ಕೊಟ್ಟಿದೆ ಎಂದು ಬರೆದಿದ್ದೀರಿ. ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಂ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೂ, ಅದು ಸಾಲದೆಂದು ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ಕೋವಿಯನ್ನೂ ಹೊಂದಲು ಅವಕಾಶ ಕೊಡುತ್ತದೆ. ಕೊಲ್ಲುವ ಅನುಮತಿ ಅದರೊಳಗೆ ಅಡಗಿಲ್ಲ. 2023ರ ಏಪ್ರಿಲಿನಿಂದ ಜಾರಿಗೆ ಬಂದ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಅನಂತರ ಕಾಡುಹಂದಿ ಆ ಕಾಯ್ದೆಯ ರಕ್ಷಿತ ಪ್ರಾಣಿಗಳ ಎರಡನೆಯ ಅನುಸೂಚಿಯಲ್ಲಿದೆ, ಮತ್ತು ನಿಂತ ಬೆಳೆಗೆ ಅಪಾಯಕಾರಿಯಾದ ಅಂಥ ಪ್ರಾಣಿಯನ್ನು ಹೊಡೆಯಲು 11ನೆಯ ಕಲಮಿನಡಿ ಕಾರಣಗಳನ್ನು ನಮೂದಿಸಿದ ಲಿಖಿತ ಆದೇಶ ಬೇಕು. ಪ್ರಾಣಾಪಾಯದಲ್ಲಿ ಆತ್ಮರಕ್ಷಣೆಗೆ ಸದ್ಭಾವನೆಯಿಂದ ಹೊಡೆದರೆ ಅಪರಾಧವಿಲ್ಲ. ಆದರೆ ಆ ಗಳಿಗೆಯಲ್ಲಿ ನೀವೇ ಕಾಯ್ದೆಯನ್ನು ಮುರಿಯುತ್ತಿದ್ದರೆ ಆ ರಕ್ಷಣೆಯೂ ಸಿಗದು. ತೋಟದಿಂದ ಹಂದಿಗಳನ್ನು ಓಡಿಸಲು ಗಾಳಿಯಲ್ಲಿ ಈಡು ಹಾರಿಸುವುದನ್ನು ಸೋವುವುದೆಂದು ಓದಿ ಬೇಟೆಯ ಕೇಸು ಹಾಕುವುದು ಮಾತ್ರ ನನಗೆ ಸರಿ ಕಾಣದು. ಹಿಡಿಯುವುದು, ಉರುಳು ಹಾಕುವುದು, ಬಲೆಗೆ ಬೀಳಿಸುವುದು ಇವುಗಳ ಸಾಲಿನಲ್ಲಿ ನಿಂತಿರುವ ಸೋವು ಪ್ರಾಣಿಯನ್ನು ಸಾವಿನತ್ತ ಅಟ್ಟುವಂಥದ್ದು, ಬೆಳೆಯಿಂದ ಕಾಡಿಗೆ ಅಟ್ಟುವಂಥದ್ದಲ್ಲ.

ಮುಂದೆ ಮಾಡಬೇಕಾದದ್ದನ್ನು ಹೇಳುತ್ತೇನೆ. ಇದು ವಕೀಲರ ಸಲಹೆಗೆ ಬದಲಿಯಲ್ಲ. ವಶಪಡಿಸಿಕೊಂಡ ವಸ್ತುಗಳ ಮಹಜರಿನ ಪ್ರತಿಯನ್ನು ಪಡೆದು, ಕೋವಿ ಚೀಲದಲ್ಲಿ ಖಾಲಿಯಾಗಿತ್ತೆಂಬುದು ಅದರಲ್ಲಿ ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಲಿಖಿತ ಆಕ್ಷೇಪಣೆಯನ್ನು ತಡಮಾಡದೆ ಸಲ್ಲಿಸಿ. ದುರಸ್ತಿಯ ರಸೀತಿಯನ್ನು ಜೋಪಾನವಾಗಿಡಿ. ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಮಿನ ಉಲ್ಲಂಘನೆಗೆ ಮೊಕದ್ದಮೆ ಹೂಡಲು 39ನೆಯ ಕಲಮಿನ ಪ್ರಕಾರ ಜಿಲ್ಲಾ ದಂಡಾಧಿಕಾರಿಯ ಪೂರ್ವಮಂಜೂರಾತಿ ಬೇಕು. ಅದು ದೊರೆಯುವ ಮೊದಲೇ ಹಳೆಯ ತೋಟೆಗಳ ಬಗ್ಗೆ ನಿಮ್ಮ ವಿವರಣೆಯನ್ನು ದಾಖಲೆಗಳೊಂದಿಗೆ ಅವರ ಮುಂದಿಡಿ. ಬೇಟೆಯ ಆರೋಪದ ಮೇಲೆ ಶಿಕ್ಷೆಯಾದರೆ ಪರವಾನಗಿ ರದ್ದಾಗಿ ಐದು ವರ್ಷ ಹೊಸದನ್ನು ಪಡೆಯಲಾಗದಂತೆ ನ್ಯಾಯಾಲಯ ಆದೇಶಿಸಬಹುದಾದ್ದರಿಂದ, ತಪ್ಪೊಪ್ಪಿಕೊಂಡು ಸಣ್ಣ ದಂಡ ಕಟ್ಟಿ ಮುಗಿಸಿ ಎಂದು ಯಾರಾದರೂ ಹೇಳಿದರೆ, ಯಾವ ಕಲಮಿನ ತಪ್ಪನ್ನು ಒಪ್ಪಿಕೊಳ್ಳುತ್ತಿದ್ದೀರೆಂದು ತಿಳಿಯದೆ ಸಹಿ ಹಾಕಬೇಡಿ.

ನಿಮ್ಮ ಮನೆ ವನ್ಯಜೀವಿಧಾಮದಿಂದ ಹತ್ತು ಕಿಲೋಮೀಟರಿನೊಳಗಿದ್ದರೆ ವನ್ಯಜೀವಿ ಕಾಯ್ದೆಯ 34ನೆಯ ಕಲಮಿನಡಿ ಪರವಾನಗಿದಾರರಾಗಿ ನಿಮ್ಮ ಹೆಸರು ನೋಂದಣಿಯಾಗಿದೆಯೇ ಎಂಬುದನ್ನೂ ಈಗಲೇ ಪರಿಶೀಲಿಸಿಕೊಳ್ಳಿ. ಕೋವಿ ಮರಳಿ ಸಿಕ್ಕ ಮೇಲೆ ಮುಂದಿನ ಪ್ರಯಾಣಕ್ಕೆ ರಸ್ತೆ, ದಿನಾಂಕ, ಕೋವಿಯ ಸಂಖ್ಯೆ, ತೋಟೆಗಳ ಸಂಖ್ಯೆ ಇವನ್ನೆಲ್ಲ ಬರೆದು ವನ್ಯಜೀವಿ ವಿಭಾಗದ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿಯನ್ನು ಕಾರಣವಿಲ್ಲದೆ ತಿರಸ್ಕರಿಸಿದರೆ ಅಥವಾ ಉತ್ತರವೇ ಬಾರದಿದ್ದರೆ ಅದರ ಪ್ರತಿಯನ್ನು ನಮಗೆ ಕಳುಹಿಸಿ. ಈ ಪುಟಗಳಲ್ಲಿ ಅದನ್ನು ಪ್ರಕಟಿಸಿ ಇಲಾಖೆಯ ಉತ್ತರವನ್ನು ಕೇಳುತ್ತೇವೆ.

— ಸಂಪಾದಕರು